ಭಾಗೂಬಾಯಿ ಮುಂಬಾಗಿಲಿಗೆ ಬಂದಳು

ಕಲಘಟಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮನೆಯ ಮುಂದಿನ ಕೋಣೆಯಲ್ಲಿ ಪ್ರೆಸ್ಸು. ವಾರವೆಲ್ಲ ಲಗ್ನಪತ್ರಿಕೆ, ಪಾವತಿ ಪುಸ್ತಕ ಛಾಪಿಸಿ, ಶುಕ್ರವಾರಕ್ಕೊಮ್ಮೆ ‘ಬೇಡ್ತಿ ವಾರ್ತೆ’ ಎಂಬ ನಮ್ಮ ಪತ್ರಿಕೆಯನ್ನು ಹೊರಗೆ ತರುತ್ತಿದ್ದೆವು. ತಲೆಬರಹದ ಕೆಳಗೆ ‘ಸಂಪಾದಕರು: ಮಡಿವಾಳೆಪ್ಪ’ ಎಂದು ಇರುತ್ತಿತ್ತು. ಮಡಿವಾಳೆಪ್ಪ ನನ್ನ ಯಜಮಾನರು. ಒಳ್ಳೆಯ ಮನುಷ್ಯ, ಸುಳ್ಳು ಯಾಕೆ ಹೇಳಲಿ. ಜಾಹೀರಾತು ತರುವುದರಲ್ಲಿ, ಚಾದಂಗಡಿಯಲ್ಲಿ ಕೂತು ನಾಲ್ಕು ಮಂದಿಯನ್ನು ನಗಿಸುವುದರಲ್ಲಿ ಅವರನ್ನು ಮೀರಿಸುವವರು ತಾಲೂಕಿನಲ್ಲೇ ಇರಲಿಲ್ಲ. ಸುದ್ದಿ ತಿದ್ದುವುದು, ತಲೆಬರಹ ಕೊಡುವುದು, ಸಂಪಾದಕೀಯ ಬರೆಯುವುದು, ಪ್ರೂಫ್ ನೋಡುವುದು ಮಾತ್ರ ಗುರವ್ವನ ಪಾಲಿಗೆ. ಗುರವ್ವ ಎಂದರೆ ನಾನು.

ಆಗ ಒಂದೊಂದು ಅಕ್ಷರವೂ ಒಂದೊಂದು ಸೀಸದ ಮೊಳೆ. ನಮ್ಮ ಹೊಳಬಸಪ್ಪ ಮೊಳೆ ಹೆಕ್ಕಿ ಹೆಕ್ಕಿ ಸಾಲು ಕಟ್ಟುತ್ತಿದ್ದ. ಛಾಪಿಸಿ ಆದ ಮೇಲೆ ಸಾಲು ಬಿಚ್ಚಿ, ಮೊಳೆಗಳನ್ನು ಅವುಗಳ ಗೂಡಿಗೆ ಹಾಕುತ್ತಿದ್ದ. ಮಂತ್ರಿಯ ಹೆಸರಾದರೂ ಅಷ್ಟೇ, ಕಳ್ಳನ ಹೆಸರಾದರೂ ಅಷ್ಟೇ, ಶನಿವಾರ ಬಿಚ್ಚಿ ಚೆಲ್ಲಾಪಿಲ್ಲಿ. ವಾರವಾರವೂ ಬೇಕಾಗುವ ಸಾಲುಗಳನ್ನು ಮಾತ್ರ ಬಿಚ್ಚದೆ, ದಾರ ಸುತ್ತಿ ಕಟ್ಟಿ ಹಲಗೆಯ ಮೇಲೆ ಇಟ್ಟಿರುತ್ತಿದ್ದ. ಪತ್ರಿಕೆಯ ಹೆಸರು, ಈರಪ್ಪಗೌಡರ ಅಕ್ಕಿ ಗಿರಣಿಯ ಜಾಹೀರಾತು, ಮತ್ತು ನಮ್ಮ ಯಜಮಾನರ ಹೆಸರು. ಪತ್ರಿಕೆ ಹುಟ್ಟಿದಾಗಿನಿಂದ ಆ ಹೆಸರಿನ ದಾರ ಬಿಚ್ಚಿರಲಿಲ್ಲ. ಹಲಗೆ ಒರೆಸುವಾಗ ಅದನ್ನೊಂದಿಷ್ಟು ಜೋರಾಗಿಯೇ ಒರೆಸುತ್ತಿದ್ದೆ. ಸಿಟ್ಟು ಎಲ್ಲಾದರೂ ಇಳಿಯಬೇಕಲ್ಲ.

ಭಾಗೂಬಾಯಿ ನಮ್ಮ ಮನೆಗೆ ಬೆಣ್ಣೆ ಕೊಡುತ್ತಿದ್ದ ಹುಡುಗಿ. ದುಮ್ಮವಾಡದ ಆಚೆ, ಕಾಡಿನ ಅಂಚಿಗೆ ಗೌಳಿಗರ ವಾಡಾ ಇತ್ತು. ಎಮ್ಮೆ ನಂಬಿ ಬದುಕುವ ಜನ. ತಮ್ಮತಮ್ಮೊಳಗೆ ತಮ್ಮದೇ ಮರಾಠಿ, ಊರೊಳಗೆ ಬಂದರೆ ಕನ್ನಡ. ಊರವರಿಗೆ ಅವರ ಹಾಲು ಬೇಕಾಗಿತ್ತು, ಹೆಸರು ಬೇಕಾಗಿರಲಿಲ್ಲ. ‘ಏ ಗೌಳಿಗಿತ್ತಿ’ ಎಂದರೆ ಯಾರಾದರೊಬ್ಬರು ಓಗೊಡುತ್ತಿದ್ದರು, ಅಷ್ಟಕ್ಕೇ ಕೆಲಸ ಆಗುತ್ತಿತ್ತು. ಭಾಗೂ ಕಲಘಟಗಿಯ ಹಾಸ್ಟೆಲಿನಲ್ಲಿದ್ದು ಹತ್ತನೆಯ ಇಯತ್ತೆ ಮುಗಿಸಿದವಳು. ವಾಡಾದ ಹೆಣ್ಣುಮಕ್ಕಳಲ್ಲಿ ಅಷ್ಟು ಓದಿದವಳು ಅವಳೊಬ್ಬಳೇ. ಮುಂಜಾನೆ ದುಮ್ಮವಾಡದ ಮನೆಗಳಿಗೆ ಹಾಲು ಹಾಕಿ, ಸಂತೆಯ ದಿನ ಬೆಣ್ಣೆ ಡಬ್ಬಿ ಹೊತ್ತು ಬಸ್ಸು ಹತ್ತಿ ನಮ್ಮಲ್ಲಿಗೆ ಬರುವಳು. ಕೊರಳ ತುಂಬ ಮಣಿಸರ, ಬಾಯಿ ತುಂಬ ಪ್ರಶ್ನೆ.

ಬಂದವಳು ಮೊದಲು ಬೆಣ್ಣೆ ಕೊಡುತ್ತಿರಲಿಲ್ಲ. ದಾರಕ್ಕೆ ನೇತುಹಾಕಿದ ಹಸಿ ಪ್ರೂಫುಗಳನ್ನು ಕತ್ತು ವಾರೆ ಮಾಡಿ ಓದುವಳು. ಮಂಡಲ ಪಂಚಾಯ್ತಿ ಚುನಾವಣೆ ಬಂದಿತ್ತು ಆಗ, ಎಂಬತ್ತೇಳರ ಜನವರಿ. ಹೆಂಗಸರಿಗೂ ಸೀಟು ಮೀಸಲಿಟ್ಟಿದ್ದರು. ದುಮ್ಮವಾಡದಲ್ಲಿ ಈರಪ್ಪಗೌಡರ ಹೆಂಡತಿ ಶಾರದವ್ವ ನಿಂತಿದ್ದರು. ನಮ್ಮ ಪ್ರೂಫಿನಲ್ಲಿ ‘ಗೆದ್ದರೆ ಮೊದಲು ಗಿರಣಿ ರಸ್ತೆ: ಶಾರದವ್ವ’ ಎಂದು ದಪ್ಪಕ್ಷರ.

“ಕಾಕಾರ,” ಎಂದಳು ಭಾಗೂ, ನಮ್ಮ ಯಜಮಾನರಿಗೆ. “ಇದನ್ನ ಶಾರದವ್ವಾರು ಯಾವಾಗ ಹೇಳಿದ್ರು?”

“ಈರಪ್ಪಗೌಡ್ರು ಹೇಳಿದ್ರವಾ. ಎರಡೂ ಒಂದ.”

“ಎರಡೂ ಒಂದ ಆದ್ರ ಗೌಡ್ರ ಹೆಸರನ ಹಾಕ್ರೆಲಾ. ಅವ್ವಾರ ಹೆಸರು ಯಾಕ ಹಾಕೀರಿ?”

ಒಳಗೆ ರೊಟ್ಟಿ ತಟ್ಟುತ್ತಿದ್ದ ನನಗೆ ಎಷ್ಟು ಹಿಗ್ಗಾಯಿತೆಂದರೆ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

“ಇಷ್ಟು ಕೇಳತೀಯಲ್ಲ, ನೀನ ಬರೀತೀಯೇನ ಭಾಗೂ? ಚುನಾವಣಿ ಸುದ್ದಿ?”

ಅವಳು ಪ್ರೂಫಿನ ಕಡೆಗೊಮ್ಮೆ ನೋಡಿದಳು, ನನ್ನ ಕಡೆಗೊಮ್ಮೆ ನೋಡಿದಳು. “ಬರೀತೀನ್ರಿ ಅಕ್ಕಾರ,” ಎಂದಳು. ಅಷ್ಟು ಬೇಗ ಒಪ್ಪಿಕೊಂಡಳೆಂದರೆ ಎಷ್ಟು ದಿನದಿಂದ ಕಾಯುತ್ತಿದ್ದಳೋ ಏನೋ.

ನಮ್ಮವರು ನಕ್ಕರು. “ಲೇ ಗುರವ್ವಾ, ರಾಜಕೀಯ ಅಂದ್ರ ಬೆಣ್ಣಿ ಮಾರಿದಂಗಲ್ಲ. ಗೌಡ್ರು, ಸಾವ್ಕಾರ್ರು, ಇವರ ಮುಂದ ಈ ಹುಡುಗಿ ನಿಂತು ಏನ್ ಕೇಳ್ಯಾಳು?”

“ಈಗ ನಿಮ್ಮ ಮುಂದ ನಿಂತು ಕೇಳಿದ್ಳಲ್ಲ,” ಎಂದೆ.

ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಕಡೆಗೆ ಒಂದು ಕರಾರು ಹಾಕಿದರು. ಹುಬ್ಬಳ್ಳಿಯ ಪತ್ರಿಕೆಯವರು ಬಂದರೂ ಶಾರದವ್ವನ ಬಾಯಿಂದ ಒಂದು ಮಾತು ಹೊರಡಿಸಲು ಆಗಿರಲಿಲ್ಲ. ಸಂಕ್ರಮಣದ ಮೊದಲಿನ ಸಂಚಿಕೆಯೊಳಗೆ ಭಾಗೂ ಶಾರದವ್ವನ ಸ್ವಂತ ಮಾತು ತಂದರೆ, ಮೊದಲ ಪುಟದಲ್ಲಿ ಅವಳ ಹೆಸರು ಹಾಕುವುದು, ರಾಜಕೀಯ ವರದಿಯ ಕೆಲಸ ಅವಳಿಗೆ ಕೊಡುವುದು. ತರದಿದ್ದರೆ ಬೆಣ್ಣೆ ಇದ್ದೇ ಇದೆ.

ಭಾಗೂಗೆ ಅದು ಬರೀ ಹೆಸರಿನ ಮಾತಾಗಿರಲಿಲ್ಲ. ಹಳಿಯಾಳದ ಕಡೆಯ ಅಡವಿಯಲ್ಲಿ ಅವಳ ಚಿಕ್ಕಪ್ಪನ ಎಮ್ಮೆ ಹಿಂಡಿಗೆ ಕೈಯಾಳು ಬೇಕಾಗಿತ್ತು. ಸಂಕ್ರಮಣ ಕಳೆದ ಕೂಡಲೇ ಇವಳನ್ನು ಕಳಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಅಲ್ಲಿಗೆ ಹೋದರೆ ಬಸ್ಸಿಲ್ಲ, ಪತ್ರಿಕೆಯಿಲ್ಲ, ಓದಿದ್ದೆಲ್ಲ ಮರೆಯುವುದೇ ಸೈ. ಅವಳ ಅಪ್ಪ ಬಮ್ಮಣ್ಣ ಮಗಳ ಹಟಕ್ಕೆ ಅರ್ಧ ಸೋತು, “ಪೇಪರಿನ್ಯಾಗ ನಿನ್ನ ಹೆಸರು ಬಂದ್ರ ಇಲ್ಲೇ ಇರು. ಬರಲಿಲ್ಲಂದ್ರ ಎಮ್ಮಿ ಹಿಂದ ನಡಿ,” ಎಂದಿದ್ದ. ಓದು ಬಾರದ ಮನುಷ್ಯ, ಆದರೆ ಆಡಿದ ಮಾತಿಗೆ ತಪ್ಪುವವನಲ್ಲ. ಅದೇ ನಮಗೆ ಧೈರ್ಯವೂ ಆಗಿತ್ತು, ಭಯವೂ ಆಗಿತ್ತು.

ಮೊದಲ ಸಲ ನಾನೂ ಭಾಗೂನೂ ಕೂಡಿಯೇ ಗೌಡರ ಮನೆಗೆ ಹೋದೆವು. ಈರಪ್ಪಗೌಡರು ಪಡಸಾಲೆಯಲ್ಲಿ ಕುರ್ಚಿ ಹಾಕಿಸಿ, ಚಾ ತರಿಸಿ, ಬಲು ಮರ್ಯಾದೆಯಿಂದ ಕೂರಿಸಿದರು. ಮರ್ಯಾದೆ ಎಲ್ಲ ನನಗೆ. ಭಾಗೂ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಳು, ಅವಳಿಗೆ ಚಾ ಕೂಡ ಬರಲಿಲ್ಲ. ನನಗೆ ದಾರಿ ತೋರಿಸಲು ಬಂದವಳೆಂದೇ ಆ ಮನೆಯವರ ತಿಳುವಳಿಕೆ.

“ಶಾರದವ್ವಾರನ್ನ ಸ್ವಲ್ಪ ಕರೀರಿ,” ಎಂದೆ.

“ಆಕಿ ಕೆಲಸದಾಗ ಅದಾಳ್ರಿ. ನಾ ಹೇಳತೀನಿ, ಬರಕೊಳ್ರಿ. ನನಗ ಗಿರಣಿ ರಸ್ತಾ ಆಗಬೇಕು ಅಂತ ಆಕಿ ಭಾಳ ದಿವಸದಿಂದ ಹೇಳತಾಳ.”

ಒಳಗೆ ಅಡುಗೆಮನೆಯಲ್ಲಿ ಒಂದು ಪಾತ್ರೆ ಢಣ್ಣೆಂದಿತು.

“ರಾಜಕೀಯದಾಗ ಆಕಿಗೆ ಭಾಳ ಆಸಕ್ತಿ ಇಲ್ರಿ. ನನ್ನ ಮಾತಿಗೆ ಇಲ್ಲ ಅನ್ನಬಾರದಂತ ನಿಂತಾಳ.”

ಮತ್ತೊಂದು ಪಾತ್ರೆ, ಈ ಸಲ ಹಿತ್ತಾಳೆಯದೇ ಇರಬೇಕು.

“ಗೆದ್ದ ಮ್ಯಾಲ ಮೀಟಿಂಗಿಗೆಲ್ಲಾ ನಾನ ಹೋಗಿ ಬರತೀನಿ. ಹೆಣ್ಮಕ್ಳಿಗೆ ಅದೆಲ್ಲಾ ತ್ರಾಸು.”

ಒಳಗೆ ಬುಟ್ಟಿಯೇ ಮಗುಚಿ ಬಿದ್ದಂತಾಯಿತು. ಗೌಡರು “ಬೆಕ್ಕು ಹೊಕ್ಕಿರಬೇಕು,” ಎಂದರು. ಕಂಬದ ಹತ್ತಿರ ಭಾಗೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಲುಕುಲು ನಗುತ್ತಿದ್ದಳು.

ಹೊರಡುವ ಮುಂದೆ ನೀರು ಕುಡಿಯುವ ನೆವದಿಂದ ನಾನು ಒಳಗೆ ಹೋದೆ. ಶಾರದವ್ವ ದುಂಡು ಮೈಯ, ದೊಡ್ಡ ಕುಂಕುಮದ ಹೆಂಗಸು. ನೀರು ಕೊಟ್ಟರು. “ಪೇಪರಿಗೆ ಒಂದು ಮಾತು ಹೇಳ್ರಿ ಅವ್ವಾರ,” ಎಂದರೆ, ಗೋಡೆ ನೋಡುತ್ತ “ಅವ್ರ ಹೇಳತಾರಲ್ರಿ,” ಎಂದರು. ನನಗೆ ತಲೆ ಕೆಟ್ಟುಹೋಯಿತು. ಅಷ್ಟು ಪಾತ್ರೆ ಕುಟ್ಟಿದ ಕೈ, ಬಾಯಿಗೆ ಮಾತ್ರ ಬೀಗ.

ಮರುದಿನ ಮಧ್ಯಾಹ್ನ ಭಾಗೂ ಪ್ರೆಸ್ಸಿಗೆ ಬಂದಳು. ಮುಖ ನೋಡಿದರೇ ಗೊತ್ತಾಗುತ್ತಿತ್ತು, ಏನೋ ಸಿಕ್ಕಿದೆ ಎಂದು.

“ಮುಂಜಾನಿ ಹಾಲು ಹಾಕಾಕ ಹಿತ್ತಲಿಗೆ ಹೋಗಿದ್ನಿರಿ. ಶಾರದವ್ವಾರು ಚರಿಗಿ ಹಿಡಕೊಂಡು ಬಂದ್ರು. ಮಾತಾಡಿದ್ರು ನೋಡ್ರಿ ಅಕ್ಕಾರ, ಅಗದಿ ಮನಸು ಬಿಚ್ಚಿ ಮಾತಾಡಿದ್ರು.”

“ಏನಂದ್ರು?”

“ಅದನ್ನ ಹೇಳಾಕ ಬರೂದಿಲ್ರಿ.”

ನಾನು ಪೆನ್ನು ತೆಗೆದು ತಯಾರಾಗಿ ಕೂತಿದ್ದೆ. “ಬರೂದಿಲ್ಲಂದ್ರ?”

“ಹಾಲಿನ ಚರಿಗಿ ಕೈಯಾಗಿದ್ದಾಗ ಹೇಳಿದ್ದು ಅದು. ಹೊರಗ ಒಯ್ಯಂಗಿಲ್ಲ.”

ಆಮೇಲೆ ಬಿಡಿಸಿ ಹೇಳಿದಳು. ಹಾಲು ಹಾಕುವವಳಿಗೆ ಊರಿನ ಎಲ್ಲ ಮನೆಗಳ ಹಿತ್ತಲ ಬಾಗಿಲೂ ತೆರೆದಿರುತ್ತದೆ. ಯಾವ ಮನೆಯಲ್ಲಿ ರಾತ್ರಿ ಜಗಳವಾಯಿತು, ಯಾವ ಸೊಸೆ ಅತ್ತು ಮುಖ ತೊಳೆದಿದ್ದಾಳೆ, ಯಾರ ಮನೆಯಲ್ಲಿ ಹಿಟ್ಟು ಮುಗಿದಿದೆ, ಎಲ್ಲ ಕಾಣುತ್ತದೆ. ಹೆಂಗಸರು ಹಾಲು ಅಳೆಯಿಸಿಕೊಳ್ಳುತ್ತ ಮನಸ್ಸಿನದನ್ನೂ ಹೇಳಿಬಿಡುತ್ತಾರೆ. ಅದರಲ್ಲಿ ಒಂದು ಮಾತು ಆಚೆ ಮನೆಗೆ ಹೋದರೆ ಮರುದಿನ ಬಾಗಿಲು ಮುಚ್ಚುತ್ತದೆ. ಹಾಗೆ ಒಮ್ಮೆ ಅವಳ ಅಜ್ಜಿ ಒಂದು ಮಾತು ಆಡಿ ಅರ್ಧ ಊರಿನ ಹಾಲಿನ ವರ್ತನೆ ಕಳೆದುಕೊಂಡಿದ್ದಳಂತೆ. ಆವತ್ತಿನಿಂದ ಅವರ ಮನೆಯಲ್ಲಿ ಇದು ಕಟ್ಟುನಿಟ್ಟು. ಚರಿಗೆ ಮುಂದಿಟ್ಟುಕೊಂಡು ಕೇಳಿದ್ದನ್ನು ಹೆತ್ತ ತಾಯಿಗೂ ಹೇಳುವಂತಿಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. “ಭಾಗೂ, ನೀ ಈಗ ಹಾಲಿನಾಕಿ ಅಲ್ಲ, ಪತ್ರಿಕಿಯಾಕಿ! ಹುಬ್ಬಳ್ಳಿಯವರಿಗೆ ಸಿಗದ ಸುದ್ದಿ ನಿನ್ನ ಉಡಿಯಾಗ ಬಂದು ಬಿದ್ದೈತಿ. ಅದನ್ನ ಮುಚ್ಚಿಟ್ಟುಕೊಂಡು ಕುಂದ್ರತೀಯೇನು? ಸಂಕ್ರಮಣ ಇಲ್ಲೇ ಬಂತು. ಎಮ್ಮಿ ಹಿಂದ ಹೋಗೂದೈತೇನು ನಿನಗ?”

ನಾನು ಮೇಜು ಗುದ್ದಿದ ಹೊಡೆತಕ್ಕೆ ಹೊಳಬಸಪ್ಪ ಬೆಚ್ಚಿ, ಕೈಯಲ್ಲಿದ್ದ ಲಗ್ನಪತ್ರಿಕೆಯ ಸಾಲನ್ನು ಕೆಳಗೆ ಬೀಳಿಸಿದ. ವಧುವಿನ ತಂದೆ ತಾಯಿಯರೆಲ್ಲ ಮೊಳೆಯಾಗಿ ನೆಲದ ತುಂಬ ಹರಡಿದರು.

ಭಾಗೂ ಅಳಲಿಲ್ಲ. ಕೂತು ಹೊಳಬಸಪ್ಪನ ಜೊತೆ ಮೊಳೆ ಆರಿಸತೊಡಗಿದಳು. ಆರಿಸುತ್ತಲೇ ಹೇಳಿದಳು:

“ಅಕ್ಕಾರ, ಶಾರದವ್ವಾರಿಗೆ ಗೊತ್ತಿರಲಿಲ್ಲ ನಾ ಬರೀತೀನಂತ. ಗೊತ್ತಿಲ್ಲದ ಹೇಳಿದ್ದನ್ನ ಬರದ್ರ, ಹೇಳದ ಇದ್ದದ್ದನ್ನ ಹೇಳಿದ್ರು ಅಂತ ಗೌಡ್ರು ಬರಸತಾರಲ್ಲ, ಅವರಿಗೂ ನನಗೂ ಏನ್ ಫರಕು? ಅವ್ವಾರ ಬಾಯಿ ಗೌಡ್ರು ಕಸಗೊಂಡಾರ. ನಾ ಮತ್ತ ಕಸಗೊಳ್ಳೂದೇನು?”

ಧುಮುಗುಡುತ್ತ ಒಳಗೆ ಹೋಗಿ ಚಾ ಮಾಡಿದೆ. ಚಾ ಕುದಿಯುವಷ್ಟರಲ್ಲಿ ಅವಳ ಮಾತು ಸರಿಯೆನಿಸತೊಡಗಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವಷ್ಟು ಒಳ್ಳೆಯವಳೇನೂ ನಾನಲ್ಲ. “ಹಂಗಾರ ಮುಂದ ಏನ್ ಮಾಡಾಕಿ?” ಎಂದಷ್ಟೇ ಕೇಳಿದೆ.

“ಚರಿಗಿ ಬಿಟ್ಟು ಹೋಗತೀನ್ರಿ,” ಎಂದಳು. “ಮುಂದಿನ ಬಾಗಿಲಿಗೆ.”

ಹೋಗುವ ದಿನ ಮುಂಜಾನೆ ಎಂದಿನಂತೆ ಹಿತ್ತಲಿಗೆ ಹೋಗಿ ಹಾಲು ಹಾಕಿ ಬಂದಿದ್ದಳಂತೆ, ಒಂದು ಮಾತೂ ಎತ್ತಿರಲಿಲ್ಲ. ಹೊತ್ತು ಏರಿದ ಮೇಲೆ ತೊಳೆದ ಸೀರೆ ಉಟ್ಟು, ಮಣಿಸರವೆಲ್ಲ ಹಾಕಿಕೊಂಡು, ಕಂಕುಳಲ್ಲಿ ನಾನು ಕೊಟ್ಟ, ಬರೆಯುವ ಹಾಳೆ ಸಿಕ್ಕಿಸಿದ ರಟ್ಟು ಇಟ್ಟುಕೊಂಡು ದುಮ್ಮವಾಡದ ಬಸ್ ನಿಲ್ದಾಣದಲ್ಲಿ ನನ್ನ ದಾರಿ ಕಾಯುತ್ತಿದ್ದಳು. “ನೀವು ಬರ್ರಿ. ಆದ್ರ ಮಾತಾಡಬ್ಯಾಡ್ರಿ,” ಎಂದು ನನಗೇ ಕಟ್ಟಪ್ಪಣೆ ಮಾಡಿದಳು.

ಅವಳು ಊರೊಳಗೆ ತಲೆಯ ಮೇಲೆ ಹೊರೆಯಿಲ್ಲದೆ ನಡೆದದ್ದನ್ನು ಜನ ನೋಡಿಯೇ ಇರಲಿಲ್ಲವೆಂದು ಕಾಣುತ್ತದೆ. ಕಟ್ಟೆಯ ಮೇಲೆ ಕೂತಿದ್ದವರು “ಹಾಲು ಎಲ್ಲೇ ಬೇ?” ಎಂದರು. ಬಾವಿಯ ಹತ್ತಿರ ಇದ್ದ ಗೌಸಬಿ ಎಂಬ ಮುದುಕಿ “ಎಮ್ಮಿಗೇನಾತು ಮಗಳ?” ಎಂದು ಕಾಳಜಿಯಿಂದ ಕೇಳಿದಳು. “ಎಮ್ಮಿ ಆರಾಮ ಐತಿ ಅಜ್ಜಿ, ನಾ ಬ್ಯಾರೆ ಕೆಲಸಕ್ಕ ಹೊಂಟೀನಿ,” ಎಂದು ಎಲ್ಲರಿಗೂ ಹೇಳುತ್ತ ಹೋದಳು. ಗೌಡರ ಮನೆ ಮುಟ್ಟುವಷ್ಟರಲ್ಲಿ ನಮ್ಮ ಹಿಂದೆ ಒಂದು ಸಣ್ಣ ಮೆರವಣಿಗೆಯೇ ಆಗಿತ್ತು.

ಗೌಡರ ಪಡಸಾಲೆಯಲ್ಲಿ ಚುನಾವಣೆಯ ಗಂಡಸರು ತುಂಬಿದ್ದರು. ಭಾಗೂ ಮೆಟ್ಟಿಲ ಹತ್ತಿರ ನಿಂತು, ದಿನಾ ಹಿತ್ತಲಲ್ಲಿ ಕೂಗುವ ಅದೇ ದನಿಯಲ್ಲಿ “ಅವ್ವಾರ!” ಎಂದು ಕೂಗಿದಳು.

ಆಗ ನಡೆದದ್ದು ನೆನೆದರೆ ಇವತ್ತಿಗೂ ನಗು ಬರುತ್ತದೆ. ಗಂಡಸರೆಲ್ಲರೂ ಒಟ್ಟಿಗೆ ಹಿತ್ತಲ ಕಡೆ ಕೈ ತೋರಿಸಿದರು. ಒಬ್ಬನಿಗೂ ಕಣ್ಣೆತ್ತಿ ನೋಡುವ ಗರಜು ಇರಲಿಲ್ಲ, ಕೈ ತಾನೇ ಎದ್ದಿತು. ಒಳಗಿನಿಂದ ಶಾರದವ್ವನ ಸಪ್ಪಳ ಕೇಳಿತು: ಚರಿಗೆ ತೆಗೆದುಕೊಂಡರು, ಹಿತ್ತಲ ಬಾಗಿಲ ಅಗಳಿ ತೆಗೆದರು, “ಈ ಹೊತ್ತಿನ್ಯಾಗ ಯಾಕ ಬಂದಿ ಭಾಗೂ?” ಎಂದರು. ಹಿತ್ತಲಲ್ಲಿ ಯಾರೂ ಕಾಣದೆ ಮತ್ತೆ ಕೂಗಿದರು: “ಎಲ್ಲದೀಯ?”

“ಇಲ್ಲೇ ಅದೀನ್ರಿ, ಮುಂದ!”

ಆಮೇಲೆ ಕಾಲುಂಗುರದ ಸಪ್ಪಳ ಅಡುಗೆಮನೆ ದಾಟಿತು, ನಡುಮನೆ ದಾಟಿತು. ಶಾರದವ್ವ ಕೈಯಲ್ಲಿ ಖಾಲಿ ಚರಿಗೆ ಹಿಡಿದು ಪಡಸಾಲೆಯ ಹೊಸ್ತಿಲಲ್ಲಿ ಬಂದು ನಿಂತರು. ಅಷ್ಟು ಗಂಡಸರನ್ನು ನೋಡಿ ಸೆರಗು ಎಳೆದುಕೊಂಡರು, ಆದರೆ ಹಿಂದಕ್ಕೆ ಹೋಗಲಿಲ್ಲ.

“ಹಾಲು ಎಲ್ಲೈತಿ?” ಎಂದರು.

“ಹಾಲು ಮುಂಜಾನಿನ ಹಾಕೀನ್ರಿ. ಈಗ ನಾ ಹಾಲಿನಾಕಿ ಆಗಿ ಬಂದಿಲ್ಲ. ‘ಬೇಡ್ತಿ ವಾರ್ತೆ’ ಪತ್ರಿಕಿಯಿಂದ ಬಂದೀನಿ,” ಎಂದು ಭಾಗೂ ರಟ್ಟು ತೆಗೆದಳು. “ನೀವು ಏನ್ ಹೇಳತೀರಿ ಅದನ್ನ ಬರಕೋತೀನಿ. ಬರದದ್ದು ಛಾಪ ಆಗತೈತಿ. ಊರವರೆಲ್ಲಾ ಓದತಾರ, ಗೌಡ್ರೂ ಓದತಾರ. ಹೇಳಬೇಕು ಅನ್ನಿಸಿದ್ರ ಹೇಳ್ರಿ. ಬ್ಯಾಡಂದ್ರ ಬ್ಯಾಡ, ನಾಳೆ ಮುಂಜಾನಿ ಹಾಲು ಬರತೈತಿ.”

ನನ್ನ ನಾಲಿಗೆಯ ತುದಿಗೆ ಬಂದಿತ್ತು, ‘ಹಿತ್ತಲದಾಗ ಹೇಳಿದ್ದನ್ನ ಹೇಳ್ರಿ’ ಎಂದು. ಬಾಯಿ ತೆರೆಯುವಷ್ಟರಲ್ಲಿ ಭಾಗೂ ನನ್ನ ಪಾದ ತುಳಿದಳು. ಸಣ್ಣಗೆ ತುಳಿಯಲಿಲ್ಲ, ಎಮ್ಮೆ ಕಾಯ್ದ ಹುಡುಗಿಯ ಕಾಲು ಅದು.

ಈರಪ್ಪಗೌಡರು ನಕ್ಕರು. “ಆಕಿಗೇನ್ ತಿಳೀತೈತಿ ಬೇ? ನಾ ಹೇಳತೀನಿ, ಬರಕೋ.”

“ಗೌಡ್ರ, ಓಟಿಗೆ ನೀವು ನಿಂತೀರೇನ್ರಿ?”

“ನಾ ಯಾಕ ನಿಂದರ್ಲಿ? ಅದು ಹೆಣ್ಮಕ್ಳ ಸೀಟು.”

“ಹಂಗಾರ ನೀವು ನಿಂತಾಗ ನಿಮ್ಮನ್ನ ಕೇಳತೀನ್ರಿ,” ಎಂದಳು ಭಾಗೂ, ಅಷ್ಟೇ ಮರ್ಯಾದೆಯಿಂದ.

ಹೊರಗೆ ನಿಂತ ಮಂದಿ ಗೊಳ್ಳೆಂದರು. ಗೌಸಬಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಒಳಗಿನ ಗಂಡಸರಲ್ಲೂ ಇಬ್ಬರು ಮೀಸೆಯಡಿ ನಕ್ಕದ್ದನ್ನು ನಾನು ನೋಡಿದೆ. ಶಾರದವ್ವ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಚರಿಗೆಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅದನ್ನು ಗಂಡನ ಕಡೆ ಚಾಚಿ, “ಇದನ್ನ ಸ್ವಲ್ಪ ಹಿಡೀರಿ,” ಎಂದರು.

ಹೆಂಡತಿ ಏನಾದರೂ ಕೊಟ್ಟರೆ ಗಂಡಸಿನ ಕೈ ಯೋಚಿಸದೆ ಮುಂದಾಗುತ್ತದೆ. ಗೌಡರು ಎದ್ದು ಹಿಡಿದರು. ಗಂಡ ಬಿಟ್ಟೆದ್ದ ಕುರ್ಚಿಯಲ್ಲಿ ಶಾರದವ್ವ ಕೂತರು. ಭಾಗೂ ನೆಲದ ಮೇಲೆ ಕೂರಲು ಹೋದರೆ, “ಅಲ್ಲಲ್ಲ, ಬಾಜುಕ ಕುರ್ಚಿ ಐತಲ್ಲ, ಅಲ್ಲಿ ಕುಂದ್ರು. ಕೆಳಗ ಕುಂತ್ರ ನಾ ಹೇಳಿದ್ದು ಹೆಂಗ ಕೇಳಸತೈತಿ?” ಎಂದರು.

“ಗೆದ್ರ ಮೊದಲ ಏನ್ ಮಾಡತೀರಿ ಅವ್ವಾರ?”

“ನರ್ಸಬಾಯಿಗೆ ಊರಾಗ ಒಂದು ಮನಿ ಕಟ್ಟಸತೀನಿ. ಸರ್ಕಾರದವ್ರು ಆಕಿನ್ನ ಕೊಟ್ಟಾರ, ಇರಾಕ ಜಾಗ ಕೊಟ್ಟಿಲ್ಲ. ಸಂಜಿ ಬಸ್ಸಿಗೆ ಕಲಘಟಗಿಗೆ ಹೋಗಿಬಿಡತಾಳ. ಹೆರಿಗಿ ಬ್ಯಾನಿ ಬಸ್ಸಿನ ಟೈಮ್ ನೋಡಿ ಬರತಾವೇನು? ನನ್ನ ಸೊಸಿನ್ನ ಚಕ್ಕಡ್ಯಾಗ ಹಾಕ್ಕೊಂಡು ಹೋದ್ವಿ. ದಾರ್ಯಾಗ ಆಕಿ ನನ್ನ ಕೈ ಹಿಡಕೊಂಡಿದ್ಳು, ಆ ಹಿಡತ ಇನ್ನೂ ನನ್ನ ಕೈಯಾಗ ಐತಿ. ದೇವರು ದೊಡ್ಡಾವ, ತಾಯಿ ಕೂಸು ಉಳದ್ರು. ಗೌಳಿವಾಡಾದಾಗ ಅಷ್ಟೂ ದೇವರು ನೋಡಲಿಲ್ಲ. ಅಲ್ಲಿ ಒಬ್ಬಾಕಿ ಹೋದಳು.”

ಭಾಗೂಳ ಪೆನ್ಸಿಲು ಅಲ್ಲಿ ಒಂದು ಕ್ಷಣ ನಿಂತಿತು. ಹೋದವಳು ಅವಳ ಸ್ವಂತ ಅಕ್ಕ. ಅದು ನನಗೆ ಗೊತ್ತಿತ್ತು, ಶಾರದವ್ವನಿಗೂ ಗೊತ್ತಿತ್ತು. ಭಾಗೂ ಕಣ್ಣು ಒರೆಸಿಕೊಂಡು ಮುಂದಿನ ಪ್ರಶ್ನೆ ಕೇಳಿದಳು. ನನ್ನ ಕಣ್ಣಿನ ಸುದ್ದಿ ಕೇಳಬೇಡಿ.

“ಗಿರಣಿ ರಸ್ತಾ?”

“ಅದು ಆಮ್ಯಾಲ. ಅಕ್ಕಿ ಒಂದಿನ ತಡಾ ಆದ್ರ ಸಾಯೂದಿಲ್ಲ.”

“ಮೀಟಿಂಗಿಗೆ ಯಾರು ಹೋಗತೀರಿ?”

“ಓಟು ನನಗ ಹಾಕಿದ್ರ ನಾನ ಹೋಗತೀನಿ. ಇವ್ರು ಬೇಕಾದ್ರ ನನ್ನ ಕೂಡ ಬಂದು, ಹೊರಗ ಚಾದಂಗಡ್ಯಾಗ ಕುಂದ್ರಲಿ.”

ಈ ಸಲ ಗೌಡರೊಬ್ಬರನ್ನು ಬಿಟ್ಟರೆ ನಗದವರು ಯಾರೂ ಇರಲಿಲ್ಲ. ಗೌಡರು ಚರಿಗೆ ಹಿಡಿದು ನಿಂತೇ ಇದ್ದರು. ಕೆಳಗಿಟ್ಟರೆ ಸೋತಂತೆ, ಹಿಡಿದೇ ನಿಂತರೆ ನಗೆಪಾಟಲು. ಪಾಪ, ಕೊನೆಗೆ ಅವರೂ ನಕ್ಕುಬಿಟ್ಟರು. “ಇಷ್ಟು ಮಾತು ಎಲ್ಲಿ ಇಟ್ಟಿದ್ದೀ ಮಾರಾಯ್ತಿ?” ಎಂದು ಹೆಂಡತಿಯನ್ನು ಕೇಳಿದರು.

“ಅಡಗಿಮನ್ಯಾಗ. ನೀವು ಬೆಕ್ಕು ಅಂತಿದ್ರಿ,” ಎಂದರು ಶಾರದವ್ವ.

ಬಸ್ಸಿಗೆ ಕಾಯುವಾಗ ತಡೆಯಲಾರದೆ ಕೇಳಿದೆ: “ಭಾಗೂ, ಹಿತ್ತಲದಾಗ ಹೇಳಿದ್ದೂ ಇದನ ಏನು?”

“ಅದನ್ನ ಹೆಂಗ ಹೇಳ್ಲಿ ಅಕ್ಕಾರ?” ಎಂದಳು. ಇವತ್ತಿನವರೆಗೂ ಹೇಳಿಲ್ಲ.

ಇಷ್ಟಾದರೂ ಗಂಡಾಂತರ ಕಾದಿತ್ತು ನಮ್ಮ ಮನೆಯಲ್ಲೇ. ಭಾಗೂ ಬರೆದದ್ದನ್ನು ಓದಿ ನಮ್ಮವರ ಮುಖ ಇಳಿಯಿತು. “ಗೌಡ್ರ ಗಿರಣಿ ಜಾಹೀರಾತು ಹೋತು ತಿಳಕೋ. ಅವ್ರು ಮಂದಿ ಮುಂದ ನಕ್ಕಿರಬೇಕು, ಮನ್ಯಾಗ ಹಲ್ಲು ಕಡದಿರತಾರ. ಇದನ್ನ ಹಾಕೂದು ಬ್ಯಾಡ.”

“ಕರಾರು ನೀವ ಹಾಕಿದ್ರಿ,” ಎಂದೆ.

“ಪತ್ರಿಕಾ ಸಂಪಾದಕ ನಾನು. ನಾ ಬ್ಯಾಡಂದ್ರ ಬ್ಯಾಡ.”

ನನ್ನ ಬಾಯಿಂದ ಏನು ಹೊರಡುತ್ತಿತ್ತೋ ದೇವರೇ ಬಲ್ಲ. ಅಷ್ಟರಲ್ಲಿ ಭಾಗೂ ಮೂಲೆಯಲ್ಲಿದ್ದ ಬೆಣ್ಣೆ ಡಬ್ಬಿಯನ್ನು ಎತ್ತಿ ಬಾಗಿಲ ಹೊರಗೆ ಇಟ್ಟು ಬಂದಳು. ರಟ್ಟು ತೆಗೆದು ಹೊಸ ಹಾಳೆ ತಿರುವಿದಳು.

“ಕಾಕಾರ, ಈಗ ನಾ ಬೆಣ್ಣಿಯಾಕಿ ಅಲ್ಲ. ಎರಡು ಮಾತು ಕೇಳತೀನಿ, ಹೇಳೂದಿದ್ರ ಹೇಳ್ರಿ, ಇಲ್ಲಂದ್ರ ಬಿಡ್ರಿ. ಹೋದ ವಾರದ ಸಂಪಾದಕೀಯ ಯಾರು ಬರದ್ರು?”

ನಮ್ಮವರು ನನ್ನ ಕಡೆ ನೋಡಿದರು.

“ಅದರ ಹಿಂದಿನ ವಾರದ್ದು?”

ಹೊಳಬಸಪ್ಪ ಮೊಳೆಯ ಗೂಡಿನೊಳಗೆ ಮುಖ ಹುದುಗಿಸಿಕೊಂಡ. ಅವನ ಬೆನ್ನು ಮಾತ್ರ ಕುಣಿಯುತ್ತಿತ್ತು.

“ಹಂಗಾರ ಈ ಪತ್ರಿಕಿ ಸಂಪಾದಕರು ಯಾರ್ರಿ?”

ನಮ್ಮವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಅವರ ಕೈಯಲ್ಲಿ ಆಗ ಏನಿತ್ತು ಗೊತ್ತೇ? ನಾನು ಸಿಟ್ಟಿನಲ್ಲಿ ‘ಹಿಡೀರಿ ಇದನ್ನ’ ಎಂದು ಕೊಟ್ಟಿದ್ದ ಶಾಯಿ ಡಬ್ಬಿ. ಅದನ್ನು ನೋಡಿಕೊಂಡವರೇ, ಈರಪ್ಪಗೌಡರ ಚರಿಗೆಯ ಕಥೆ ಆಗಲೇ ಚಾದಂಗಡಿಯಲ್ಲಿ ಕೇಳಿ ಬಂದಿದ್ದರಲ್ಲ, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ನಗಿಸುವವರಿಗೆ ನಗಲೂ ಬರುತ್ತದೆ, ಅದೊಂದು ಅವರ ದೊಡ್ಡ ಗುಣ.

“ಛಾಪಸ್ರಿ ಮಾರಾಯ್ತೀರ,” ಎಂದರು. “ಜಾಹೀರಾತು ಹೋದ್ರ ಬ್ಯಾರೆ ತರತೀನಿ. ನನಗ ಬರೋ ಕೆಲಸ ಅದೊಂದ.”

ಪತ್ರಿಕೆ ಹೊರಬಿತ್ತು. ಮೊದಲ ಪುಟ, ‘ಮೊದಲು ನರ್ಸ್ ಮನೆ, ಆಮೇಲೆ ಗಿರಣಿ ರಸ್ತೆ: ಶಾರದವ್ವ.’ ಕೆಳಗೆ ‘ನಮ್ಮ ರಾಜಕೀಯ ವರದಿಗಾರ್ತಿ ಭಾಗೂಬಾಯಿ, ಗೌಳಿವಾಡಾ.’ ಗೌಡರು ಜಾಹೀರಾತು ನಿಲ್ಲಿಸಲಿಲ್ಲ, ಎಲ್ಲರೂ ಓದುವ ಪತ್ರಿಕೆಯಲ್ಲಿ ಜಾಹೀರಾತು ನಿಲ್ಲಿಸುವಷ್ಟು ದಡ್ಡರಲ್ಲ ಅವರು. ಶಾರದವ್ವ ಗೆದ್ದದ್ದು, ಮೊದಲ ಮೀಟಿಂಗಿಗೆ ತಾವೇ ಹೋದದ್ದು, ಗೌಡರು ಚಾದಂಗಡಿಯಲ್ಲಿ ಕೂತದ್ದು ಎಲ್ಲ ಆಮೇಲಿನ ಮಾತು. ಅದನ್ನೆಲ್ಲ ಭಾಗೂ ಬರೆದ ವರದಿಗಳಲ್ಲಿ ಓದಬಹುದು.

ಛಾಪಿಸಿದ ಮರುದಿನ, ಶನಿವಾರ, ಬಮ್ಮಣ್ಣ ಮಗಳ ಜೊತೆ ಪ್ರೆಸ್ಸಿಗೆ ಬಂದ. ಕಂಬಳಿ ಹೊದ್ದ ಎತ್ತರದ ಮನುಷ್ಯ, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಪತ್ರಿಕೆ ಮುಂದೆ ಹಿಡಿದು “ಎಲ್ಲೈತಿ?” ಎಂದ. ಭಾಗೂ ಹೆಸರಿನ ಮೇಲೆ ಬೆರಳಿಟ್ಟಳು. ಅವಳ ಬೆರಳ ಪಕ್ಕ ತನ್ನ ಬೆರಳಿಟ್ಟು ಬಹಳ ಹೊತ್ತು ನೋಡಿದ. ಮಗಳ ಕಡೆ ತಿರುಗಿ ಅವರ ಮರಾಠಿಯಲ್ಲಿ ಏನೋ ಅಂದ. ಅವಳು ಅವನ ಕಂಬಳಿಗೆ ಮುಖ ಒತ್ತಿಕೊಂಡಳು.

ಆ ಕಡೆ ಹೊಳಬಸಪ್ಪ ವಾರದ ಸಾಲುಗಳನ್ನು ಬಿಚ್ಚುತ್ತ ಬಂದಿದ್ದ. ಶಾರದವ್ವನ ಮಾತು ಬಿಚ್ಚಿ ಆಗಿತ್ತು. ‘ನಮ್ಮ ರಾಜಕೀಯ ವರದಿಗಾರ್ತಿ’ ಸಾಲಿಗೆ ಕೈ ಹಾಕಿದ್ದ.

“ಹೊಳಬಸಪ್ಪಾ, ಅದನ್ನ ಬಿಚ್ಚಬ್ಯಾಡ,” ಎಂದೆ. “ದಾರ ಕಟ್ಟಿ ಹಲಗಿ ಮ್ಯಾಲ ಇಡು. ವಾರಾ ವಾರಾ ಬೇಕದು.”

“ದಾರ ಮುಗದೈತ್ರಿ ಅಕ್ಕಾರ.”

ನಮ್ಮ ಯಜಮಾನರು ಅದುವರೆಗೆ ಬಾಗಿಲಿಗೆ ಒರಗಿ ನಿಂತು ಅಪ್ಪ ಮಗಳನ್ನು ನೋಡುತ್ತಿದ್ದರು. ಹಲಗೆಯ ಹತ್ತಿರ ಬಂದು, ‘ಸಂಪಾದಕರು: ಮಡಿವಾಳೆಪ್ಪ’ ಎಂಬ ಸಾಲಿಗೆ ಅಷ್ಟು ವರ್ಷ ಸುತ್ತಿದ್ದ ದಾರವನ್ನು ತಾವೇ ಬಿಚ್ಚತೊಡಗಿದರು. ಗಂಟು ಶಾಯಿ ಕುಡಿದು ಕಲ್ಲಾಗಿತ್ತು, ಹಲ್ಲಿನಿಂದ ಕಚ್ಚಿ ಎಳೆದರು.

“ಎರಡೂ ಹೆಸರಿಗೆ ಸಾಲತೈತಿ ತೊಗೋ,” ಎಂದರು ಹೊಳಬಸಪ್ಪನಿಗೆ, ಕಪ್ಪಾದ ತುಟಿ ಒರೆಸಿಕೊಳ್ಳುತ್ತ. “ಗುರವ್ವ ಅನ್ನೂದು ಸಣ್ಣ ಹೆಸರು.”